ಹಾರ್ಲೆಮ್‌ನ ಬಚ್ಚಲಮನೆಯ ಬುದ್ಧ

ಕುಂದಗೋಳದಿಂದ

ಯಾವ ಮನೆಯ ಪಡಸಾಲೆಯಲ್ಲೇ ಆಗಲಿ, ಒಂದು ಕಪ್ಪು ಚಹಾ ಮುಗಿಯುವಷ್ಟು ಹೊತ್ತು ಕೂತರೆ ಸಾಕು, ಆ ಮನೆಯವರಿಗೆ ಏನು ಬೇಕು ಅನ್ನುವುದು ನನಗೆ ತಿಳಿಯುತ್ತದೆ. ಅವರು ಬಾಯಿಬಿಟ್ಟು ಕೇಳುವುದು ಬೇರೆ. ಮೊಬೈಲಿನಲ್ಲಿ ನೋಡಿದ ಚಿತ್ರ ತೋರಿಸಿ, "ಮೇಡಂ, ಇಂಥಾದ್ದ ಬೇಕ್ರಿ" ಅನ್ನುತ್ತಾರೆ. ಚಾವಣಿಗೆ ಪಿಒಪಿ ಗಾರೆಯ ಅಲಂಕಾರ, ಅದರೊಳಗೆ ಗಳಿಗೆಗೊಂದು ಬಣ್ಣ ತಿರುಗುವ ದೀಪದ ಪಟ್ಟಿ, ಟಿವಿಯ ಹಿಂದೆ ಜಲಪಾತದ ವಾಲ್‌ಪೇಪರು. ನಾನು ಚಹಾ ಕುಡಿಯುತ್ತಾ ಆ ಮನೆಯ ಹೆಂಗಸರು ಎಲ್ಲಿ ಕೂತು ಕಾಯಿಪಲ್ಯೆ ಹೆಚ್ಚುತ್ತಾರೆ, ಅಜ್ಜಿ ಯಾವ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಾಳೆ, ಮಕ್ಕಳು ಚೀಲ ಎಲ್ಲಿ ಒಗೆಯುತ್ತಾರೆ ಅನ್ನುವುದನ್ನು ನೋಡುತ್ತೇನೆ. ಆಮೇಲೆ ಜಲಪಾತವನ್ನು ಮೆಲ್ಲಗೆ ಬಿಡಿಸುತ್ತೇನೆ.

ಕುಂದಗೋಳದಲ್ಲಿ ನನ್ನದೊಂದು ಪುಟ್ಟ ಆಫೀಸು. ಊರು ಹತ್ತಿರದ ಕುಬಿಹಾಳ. ಧಾರವಾಡದಲ್ಲಿ ಚಿತ್ರಕಲೆ ಕಲಿತು, ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರರ ಕೈಕೆಳಗೆ ಪಳಗಿ, ಈಗ ನವಲಗುಂದದಿಂದ ಕಲಘಟಗಿಯವರೆಗೆ ಮನೆಗಳ ಒಳಾಂಗಣ ಮಾಡಿಸುತ್ತೇನೆ. ಹೆಸರು ಸುಜಾತಾ. ಎಲ್ಲರಿಗೂ ಸುಜಾತಾ ಮೇಡಂ.

ಮರೈಕೆ ನನಗೆ ಸಿಕ್ಕಿದ್ದು ಸಂಗೀತದ ದೆಸೆಯಿಂದ. ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್ ಎಂಬ ಊರಿನ ನಿವೃತ್ತ ಶಿಕ್ಷಕಿ ಅವರು. ಹಿಂದೂಸ್ತಾನಿ ಗಾಯನ ಕಲಿಯಲು ಕುಂದಗೋಳಕ್ಕೆ ಬಂದು ಎರಡು ಕೋಣೆ ಬಾಡಿಗೆ ಹಿಡಿದಿದ್ದರು. ಗೋಡೆ ಜಿನುಗುತ್ತಿತ್ತು, ಗಾಳಿ ಆಡುತ್ತಿರಲಿಲ್ಲ. ಮಾಲೀಕರು ನನ್ನನ್ನು ಕಳಿಸಿದರು. ಕಿಟಕಿ ದೊಡ್ಡದು ಮಾಡಿಸಿ, ತಂಬೂರಿ ಇಡಲು ಮೂಲೆಯಲ್ಲೊಂದು ಮರದ ಕಟ್ಟೆ ಹಾಕಿಸಿಕೊಟ್ಟೆ. ಅವರು ಆ ಕಟ್ಟೆಯ ಮೇಲೆ ಕೈಯಾಡಿಸಿ, ಅಲ್ಲೇ ಕಲಿತ ಕನ್ನಡದಲ್ಲಿ, "ಅಗದಿ ಚಲೋ ಆತ್ರಿ" ಅಂದರು. ಅಂದಿನಿಂದ ಗೆಳೆತನ.

ಊರಿಗೆ ಮರಳಿದ ಮೇಲೆ ಒಂದು ದಿನ ಫೋನು ಬಂತು. ಅವರ ಗಂಡ ವಿಮ್ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. "ನನ್ನ ಮನಿ ಇನ್ನೂ ವಿಮ್‌ನ ಮನಿ ಐತಿ ಸುಜಾತಾ. ಎಲ್ಲಾ ಬಿಳಿ. ಈಗ ನನ್ನ ಮನಿ ಆಗಬೇಕು. ನೀವು ಬರ್ರಿ, ಬಣ್ಣ ತರ್ರಿ" ಅಂದರು. ಗಂಡ ಆನಂದನಿಗೆ ಹೇಳಿದೆ. ಹೈಸ್ಕೂಲ್ ಮಾಸ್ತರ, ಮಾತು ಕಡಿಮೆ. "ಕಲಘಟಗಿಗೆ ಹೋದಂಗ ಹೋಗಿ ಬಾ. ಗ್ವಾಡಿ ಎಲ್ಲಾ ಕಡೆ ಗ್ವಾಡೀನ" ಅಂದ.

ಉಡುಗೊರೆಗೆ ನವಲಗುಂದದ ಜಮಖಾನೆ ಕೊಂಡೆ. ಕೆಂಪು ನೆಲ, ಹಳದಿ ನವಿಲು. ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ವಿಮಾನ ಹತ್ತಿದಾಗ ಗಗನಸಖಿ, ಇದೇನು ವಾದ್ಯವೋ ಎಂದು ಕೇಳಿದಳು. ಕೂಡುವ ವಸ್ತು ಎಂದೆ. ಆಕೆ ನನಗೆ ಸೀಟಿದೆ ಎಂದು ಖಾತ್ರಿ ಮಾಡಿಕೊಟ್ಟು ಹೋದಳು.

ಪರದೆಯಿಲ್ಲದ ಬೀದಿ

ಹಾರ್ಲೆಮ್‌ನಲ್ಲಿ ಮೊದಲು ನನ್ನನ್ನು ತಡೆದು ನಿಲ್ಲಿಸಿದ್ದು ಕಿಟಕಿಗಳು. ಬೀದಿಗೆ ಅಂಟಿಕೊಂಡೇ ಮನೆ, ಆಳೆತ್ತರದ ಗಾಜು, ಪರದೆ ಇಲ್ಲವೇ ಇಲ್ಲ. ಒಳಗೆ ದಂಪತಿ ಊಟ ಮಾಡುತ್ತಿದ್ದಾರೆ, ಒಬ್ಬ ಮುದುಕ ಸೋಫಾದಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದಾನೆ, ಒಬ್ಬಾಕೆ ಮಗುವಿನ ಚಡ್ಡಿ ಬದಲಿಸುತ್ತಿದ್ದಾಳೆ. ಎಲ್ಲವೂ ಬೀದಿಗೆ ಕಾಣುತ್ತದೆ. ನಮ್ಮಲ್ಲಾದರೆ ಗೃಹಪ್ರವೇಶಕ್ಕೆ ಮೊದಲೇ ಪರದೆಯ ಅಳತೆ ತೆಗೆದುಕೊಳ್ಳುತ್ತೇನೆ. ಹೊಲದ ನಡುವೆ, ಒಂದು ಎತ್ತೂ ಇಣುಕದ ಜಾಗದಲ್ಲಿ ಮನೆ ಕಟ್ಟಿದವರೂ ದಪ್ಪ ಪರದೆ ಕೇಳುತ್ತಾರೆ.

ನಾನು ವೃತ್ತಿಯಿಂದಲೇ ಮನೆಯೊಳಗೆ ನೋಡುವವಳು. ಬಿಟ್ಟೇನೆಯೇ? ಒಂದು ಕಿಟಕಿಯ ಮುಂದೆ ನಿಂತು ತೂಗುದೀಪ ಎಷ್ಟು ಕೆಳಗಿದೆ ಅಂತ ಕಣ್ಣಳತೆ ಮಾಡುತ್ತಿದ್ದೆ. ಒಳಗಿನಾತ ಚಮಚ ಎತ್ತಿ ಕೈಬೀಸಿದ. ನಾನೂ ಬೀಸಿದೆ. ಮರೈಕೆ ನನ್ನ ತೋಳು ಹಿಡಿದು ಎಳೆದರು.

"ನಿಲ್ಲಬಾರದ್ರಿ! ನಡಕೋತ ನೋಡಬೇಕು."

"ನೋಡಬಾರದಂದ್ರ ಪರದಿ ಯಾಕ ಹಾಕಿಲ್ರಿ?"

"ಮುಚ್ಚಿಡೂದೇನೂ ಇಲ್ಲ ಅಂತ ತೋರ್ಸಾಕ ಪರದಿ ಇಲ್ಲ. ಮರ್ಯಾದಿ ಇದ್ದವರು ನಿಂತು ನೋಡಂಗಿಲ್ಲ."

ತೆರೆದಿಡುವುದೂ ಒಂದು ಬಗೆಯ ಬಿಗಿ ಅನ್ನಿಸಿತು ನನಗೆ. ಕಿಟಕಿ ಕಟ್ಟೆಯ ಮೇಲೆ ಎಲ್ಲರ ಮನೆಯಲ್ಲೂ ಒಂದೇ ಜೋಡಿ ಹೂಜಿ, ಆ ಕಡೆಗೊಂದು ಈ ಕಡೆಗೊಂದು. ಗೋಡೆ ಬಿಳಿ, ಸೋಫಾ ಬೂದು, ಕುರ್ಚಿ ಮರಳಿನ ಬಣ್ಣ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಒಂದೇ ಮನೆಯನ್ನು ಮತ್ತೆ ಮತ್ತೆ ನೋಡಿದ ಹಾಗಾಯಿತು. ಮತ್ತೆ ಮತ್ತೆ ನೋಡಿದ್ದು ಇನ್ನೊಂದಿತ್ತು. ಆ ಹೂಜಿಗಳ ನಡುವೆ, ಕೆಲವು ಮನೆಗಳ ಅಂಗಳದಲ್ಲಿ ಕುಂಡಗಳ ಸಂದಿಯಲ್ಲಿ, ಬುದ್ಧನ ತಲೆ. ಮೈ ಇಲ್ಲ. ಬರೀ ತಲೆ.

ಮರೈಕೆಯ ಮನೆ

ಮನೆ ಕಿರಿದು, ಎತ್ತರ ಜಾಸ್ತಿ. ಪುಸ್ತಕದ ಕಪಾಟಿನಲ್ಲಿ ಒಂದು ಪುಸ್ತಕವನ್ನು ನಿಲ್ಲಿಸಿದ ಹಾಗೆ ಅಕ್ಕಪಕ್ಕದ ಮನೆಗಳ ನಡುವೆ ನಿಂತಿತ್ತು. ಮೆಟ್ಟಿಲು ಎಷ್ಟು ಕಡಿದೆಂದರೆ ನಮ್ಮ ಕಡೆ ಅದನ್ನು ಏಣಿ ಅನ್ನುತ್ತಾರೆ. ಮೊದಲ ಸಲ ಇಳಿಯುವಾಗ ನಾನು ಹಿಂದುಮುಂದಾಗಿ, ಬಾವಿಗೆ ಇಳಿಯುವವಳ ಹಾಗೆ ಇಳಿದೆ. ಅದೇ ಸರಿಯಾದ ಪದ್ಧತಿ ಎಂದು ಮರೈಕೆ ಮೆಚ್ಚಿದರು.

"ಹಂಗಾರ ಮಂಚ, ಕಪಾಟ ಮ್ಯಾಲೆ ಹೆಂಗ ಒಯ್ತೀರಿ?"

ಅವರು ಹೊರಗೆ ಕರೆದೊಯ್ದು ಮನೆಯ ನೆತ್ತಿ ತೋರಿಸಿದರು. ಮಾಡಿನ ತುದಿಯಿಂದ ಒಂದು ತೊಲೆ ಬೀದಿಯ ಮೇಲೆ ಚಾಚಿಕೊಂಡಿತ್ತು, ಅದರ ತುದಿಯಲ್ಲಿ ಕೊಕ್ಕೆ. ಸಾಮಾನನ್ನು ಹಗ್ಗ ಕಟ್ಟಿ ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಗೆ ತೆಗೆದುಕೊಳ್ಳುತ್ತಾರಂತೆ. ನಮ್ಮಲ್ಲಿ ಮನೆ ಕಟ್ಟುವಾಗ ಮಂಚ ಹೋಗುವಷ್ಟು ಬಾಗಿಲು ಇಡಿ ಎಂದು ಗೌಂಡಿಗಳೊಂದಿಗೆ ಜಗಳಾಡುವ ನಾನು ಆ ಕೊಕ್ಕೆಗೆ ಮನಸ್ಸಿನಲ್ಲೇ ಕೈಮುಗಿದೆ.

ಅವರು ಒಂದೊಂದೇ ಕೋಣೆ ತೋರಿಸುತ್ತಾ ಬಂದರು. ಬೂಟು ಹಾಕಿಕೊಂಡೇ. ಬೀದಿಯ ಬೂಟು ಮಲಗುವ ಕೋಣೆಯವರೆಗೂ ಬರುತ್ತದೆ ಅನ್ನುವುದು ನನ್ನ ಕಾಲಿಗೇ ಒಪ್ಪಿಗೆಯಾಗಲಿಲ್ಲ. ನಾನು ಬರಿಗಾಲಲ್ಲಿ ಹಿಂದೆ ನಡೆದೆ. ಕಡೆಗೆ ಅಡುಗೆಮನೆಯ ಹಿಂದಿನ ಬಾಗಿಲು ತೆರೆದು, ಮುಖವೆಲ್ಲ ನಗುವಾಗಿ, "ಈಗ ನೋಡ್ರಿ, ಈ ಮನ್ಯಾಗಿನ ಅಗದಿ ಇಂಡಿಯನ್ ಕೋಣಿ!" ಅಂದರು.

ಬಚ್ಚಲಮನೆ. ಕಿಟಕಿಯಿಲ್ಲ. ಬಿಳಿ ತೊಟ್ಟಿ. ತೊಟ್ಟಿಯ ತಲೆದಿಸೆಯಲ್ಲಿ ಕಲ್ಲಿನ ಕಟ್ಟೆ, ಅದರ ಮೇಲೆ ಬುದ್ಧನ ತಲೆ, ಕೊಡಪಾನದಷ್ಟು ದೊಡ್ಡದು, ಬೂದು ಬಣ್ಣದ್ದು. ಸುತ್ತ ಮೇಣದಬತ್ತಿ, ಶಾಂಪೂ ಬಾಟಲಿ, ಕಾಲುಜ್ಜುವ ಕಲ್ಲು. ಒಂದು ಕಿವಿಗೆ ಒಣಗಲು ಹಾಕಿದ ಸ್ನಾನದ ಟೊಪ್ಪಿಗೆ.

ನಾನು "ಚಲೋ ಐತ್ರಿ" ಅಂದೆ. ಅತಿಥಿ ಅನ್ನಬೇಕಾದ್ದನ್ನು ಅಂದೆ. ಟೊಪ್ಪಿಗೆಯನ್ನು ತೆಗೆದು ಗೂಟಕ್ಕೆ ಹಾಕಿದೆ. ಅವರಿಗೆ ಅದು ಗೊತ್ತಾಗಲಿಲ್ಲ.

ಆ ಸಂಜೆ ಸ್ನಾನಕ್ಕೆ ಹೋದೆ. ಬಾಗಿಲು ಹಾಕಿದೆ. ಆ ಮುಖದ ಮುಂದೆ ಬಟ್ಟೆ ತೆಗೆಯಲು ಕೈ ಬರಲಿಲ್ಲ. ಟವೆಲು ಮುಚ್ಚೋಣ ಅಂದರೆ ಅದು ಇನ್ನೂ ಕೆಟ್ಟದ್ದೆನಿಸಿತು. ಕಡೆಗೆ ದೀಪ ಆರಿಸಿದೆ. ಕತ್ತಲಲ್ಲಿ ನಲ್ಲಿ ತಡಕಾಡಿ, ಶಾಂಪೂ ಅಂತ ಏನೋ ಹಚ್ಚಿಕೊಂಡೆ. ಅದು ನೆಲ ಒರೆಸುವ ಸೋಪಾಗಿತ್ತು. ನಿಂಬೆಹಣ್ಣಿನ ಹಾಗೆ ಘಮಘಮಿಸುತ್ತಾ ಹೊರಬಂದೆ.

ಹೆಂಕ್‌ನ ಹುಟ್ಟುಹಬ್ಬ

ಅಲ್ಲಿ ಸಂಡಾಸು ಬೇರೆ, ಬಚ್ಚಲು ಬೇರೆ. ಸಂಡಾಸು ಮುಂಬಾಗಿಲ ಬಾಜು, ಮೊಣಕಾಲು ಬಾಗಿಲಿಗೆ ತಾಗುವಷ್ಟು ಇಕ್ಕಟ್ಟು. ಕೂತರೆ ಎದುರಿಗೇ ಒಂದು ಕ್ಯಾಲೆಂಡರು. ತಾರೀಖುಗಳ ಮುಂದೆ ಕೈಬರಹದಲ್ಲಿ ಒಂದೊಂದು ಹೆಸರು. ಮರುದಿನದ ತಾರೀಖಿಗೆ "ಹೆಂಕ್" ಎಂದಿತ್ತು.

ಸ್ವಚ್ಛ ಮಾಡುವ ಪಾಳಿ ಎಂದುಕೊಂಡೆ. ನಮ್ಮ ಹಾಸ್ಟೆಲಿನಲ್ಲಿ ಹಾಗೇ ಇತ್ತು. ನಾಳೆ ಹೆಂಕ್ ಬರೋದು ಎಷ್ಟು ಹೊತ್ತಿಗೆ, ನಾನೇ ತಿಕ್ಕಿಬಿಡುತ್ತೇನೆ, ಪಾಪ ಅವರಿಗೆ ಯಾಕೆ ತ್ರಾಸು ಎಂದು ಮರೈಕೆಗೆ ಹೇಳಿದೆ. ಅವರು ಕುರ್ಚಿಯ ಮೇಲೆ ಕುಸಿದು ನಕ್ಕರು. ಅದು ಹುಟ್ಟುಹಬ್ಬದ ಕ್ಯಾಲೆಂಡರಂತೆ. ದಿನಾ ಕಣ್ಣಿಗೆ ಬೀಳುವ ಜಾಗ ಅಂದರೆ ಅದೇ ತಾನೇ, ಅದಕ್ಕೇ ಅಲ್ಲಿ. ಹೆಂಕ್ ಪಕ್ಕದ ಮನೆಯ ಮುದುಕ. ಹಿಂದೆ ಬಂದರಿನಲ್ಲಿ ಕೆಲಸದಲ್ಲಿದ್ದವರು.

ಮರುದಿನ ಅವರ ಮನೆಗೆ ಹೋದೆವು. ಕುರ್ಚಿಗಳನ್ನು ಗುಂಡಗೆ ಹಾಕಿ, ಎಲ್ಲರೂ ಎಲ್ಲರ ಕೈ ಕುಲುಕಿ ಅಭಿನಂದನೆ ಹೇಳುತ್ತಿದ್ದರು. ಹುಟ್ಟುಹಬ್ಬದವರಿಗಷ್ಟೇ ಅಲ್ಲ. ಅವರ ಮಗಳಿಗೆ, "ನಿನ್ನ ಅಪ್ಪನ ಹುಟ್ಟುಹಬ್ಬಕ್ಕೆ ಅಭಿನಂದನೆ". ಮರೈಕೆಗೆ, "ನಿನ್ನ ಪಕ್ಕದ ಮನೆಯವರ ಹುಟ್ಟುಹಬ್ಬಕ್ಕೆ ಅಭಿನಂದನೆ". ನನಗೂ ಸಿಕ್ಕವು. ಕೇಕಿನ ಒಂದು ತುಂಡು, ಕಾಫಿ, ಒಂದೇ ಬಿಸ್ಕೀಟು. ಬಿಸ್ಕೀಟು ಕೊಟ್ಟ ಮೇಲೆ ಡಬ್ಬಿಯ ಮುಚ್ಚಳ ಹಾಕುವ ಸದ್ದು ಕೇಳಿಸಿತು. ಊರಲ್ಲಾದರೆ ಒಲ್ಲೆ ಒಲ್ಲೆ ಅಂದವರ ತಾಟಿಗೇ ಎರಡು ಹೋಳಿಗೆ ಬಿದ್ದಿರುತ್ತಿದ್ದವು.

ಆದರೆ ಮಾತು? ಮಾತು ಥೇಟ್ ನಮ್ಮ ಕಡೆಯದೇ, ನೇರ ಮುಖದ ಮೇಲೆ. ಹೆಂಕ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಂಗ್ಲಿಷಿನಲ್ಲಿ, "ಮರೈಕೆಯ ಬಿಳಿಗೋಡೆ ನನಗೂ ಸೇರುವುದಿಲ್ಲ. ಆದರೆ ನೀನು ಅದನ್ನು ಇನ್ನೂ ಕೆಡಿಸಬಹುದು" ಅಂದರು. ನಾನು, "ನಿಮ್ಮ ಸೋಫಾ ಬಾಗಿಲಿಗೆ ಬೆನ್ನು ಮಾಡಿದೆ, ಬಂದವರಿಗೆ ಹೋಗು ಅಂದ ಹಾಗಿದೆ" ಅಂದೆ. ಅವರು ಎದ್ದು ನೋಡಿದರು. ಅಳಿಯನನ್ನು ಕರೆದು ಅಲ್ಲೇ, ಅತಿಥಿಗಳ ನಡುವೆಯೇ, ಸೋಫಾ ತಿರುಗಿಸಿದರು. ಧಾರವಾಡದವರಿಗೆ ಈ ದೇಶದಲ್ಲಿ ಏನೂ ತೊಂದರೆಯಿಲ್ಲ ಅನ್ನಿಸಿತು.

ಒಂದು ಗೋಡೆ

ಮರೈಕೆ ನನ್ನಿಂದ ಬಯಸಿದ್ದು ಬಣ್ಣಗಳ ಸುಗ್ಗಿ. ನೀಲಿ, ಗುಲಾಬಿ, ಕನ್ನಡಿ ಕೂರಿಸಿದ ಬಾಗಿಲು, ಗೋಡೆಯ ಮೇಲೆ ಆನೆ. ಇಂಡಿಯಾ ಎಂದರೆ ಅದೇ ಎಂದು ಯಾವುದೋ ಪತ್ರಿಕೆಯಲ್ಲಿ ನೋಡಿದ್ದರು. ಅಣ್ಣಿಗೇರಿ, ನವಲಗುಂದದ ಗಿರಾಕಿಗಳು ನನ್ನ ಹತ್ತಿರ ಕೇಳುವುದು ಇವರ ಮನೆಯ ಬಿಳಿಯನ್ನು. ಇವರು ಕೇಳುವುದು ನಮ್ಮ ಹಳೆಯ ಗುಲಾಬಿಯನ್ನು.

"ಒಂದ ಗ್ವಾಡಿ ಸಾಕ್ರಿ," ಅಂದೆ ನಾನು. "ಈ ಊರಿನ ಬೆಳಕು ತೆಳು. ಎಲ್ಲಾ ಕಡೆ ಬಣ್ಣಾ ಬಳದ್ರ ಮಳಿಗಾಲದಾಗ ನಿಮಗs ತಲಿ ಸಿಡೀತೈತಿ. ಕಿಟಕಿ ಎದುರಿನ ಗ್ವಾಡಿಗೆ ಅರಿಷಿಣ ಹಚ್ಚೂಣು. ಸಂಜೀ ಬಿಸಿಲು ಅದರ ಮ್ಯಾಲೆ ಬಿದ್ದು ಮನಿಯೆಲ್ಲಾ ಹೊಳೀತೈತಿ."

"ವಿಮ್‌ಗೆ ಹಳದಿ ಸೇರ್ತಿದ್ದಿಲ್ಲ," ಅಂದರು ಮೆಲ್ಲಗೆ.

"ನಿಮಗ?"

ಅವರು ಆ ಗೋಡೆಯ ಹತ್ತಿರ ಹೋದರು. "ನನಗ ಸೇರ್ತೈತಿ" ಅಂದರು, ಯಾರಿಗೋ ಕೇಳಿಸಬಾರದು ಎಂಬಂತೆ.

ಡಬ್ಬಿ ತಂದೆವು. ಸರಿಯಾದ ಹಳದಿ ಸಿಗಲಿಲ್ಲ, ಮೂರು ಬಣ್ಣ ಬೆರೆಸಿ ನಾನೇ ಮಾಡಿಕೊಂಡೆ. ನನ್ನ ಜಮಖಾನೆಯನ್ನು ಅವರು ಅಷ್ಟರಲ್ಲಿ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದರು. ನಾನು ಇಳಿಸಿ ನೆಲಕ್ಕೆ ಹಾಸಿದೆ. ಅವರು ದಂಗಾದರು.

"ಇದನ್ನ ತುಳೀಬೇಕೇನ್ರಿ? ಕೈಲೆ ನೇದದ್ದು!"

"ಕೂಡಾಕ ನೇದದ್ದು. ಬೂಟ ಬಿಟ್ಟು ಬಂದು ಕೂಡ್ರಿ."

ಅವರು ಬೂಟು ಬಿಟ್ಟರು. ನವಿಲಿನ ಮೇಲೆ ಕೂತು, ಬ್ರೆಡ್ಡು, ಚೀಸು ತಿಂದೆವು. ಬೀದಿಯಲ್ಲಿ ಹೋಗುವವರೆಲ್ಲ ನಡೆಯುತ್ತಲೇ ನೋಡಿದರು. ಕೆಲವರು ಮರ್ಯಾದೆ ಮರೆತು ನಿಂತೂ ನೋಡಿದರು.

ದೀಪ ಆರಿದ ಬಚ್ಚಲು

ಗೋಡೆಗೆ ಮೊದಲ ಕೈ ಹಚ್ಚಿದ ದಿನ, ಮೈಗೆಲ್ಲಾ ಬಣ್ಣ ಸಿಡಿದು, ಬಿಸಿಲಿರುವಾಗಲೇ ಸ್ನಾನಕ್ಕೆ ಹೋದೆ. ಹೊರಬಂದಾಗ ಮರೈಕೆ ಅಡುಗೆಮನೆಯಲ್ಲಿ ಬಲ್ಬು ಹಿಡಿದು ನಿಂತಿದ್ದರು.

"ಬಚ್ಚಲದಾಗ ದೀಪ ಹೋಗೇತೇನ್ರಿ? ನೀವು ದಿನಾ ಕತ್ತಲಾಗ ಜಳಕ ಮಾಡ್ತೀರಿ. ಬಾಗಿಲ ಸಂದ್ಯಾಗ ಬೆಳಕs ಕಾಣೂದಿಲ್ಲ."

ಸುಳ್ಳು ಹೇಳಬಹುದಿತ್ತು. ಆದರೆ ಅವರ ಊರಿಗೆ ಬಂದ ಮೇಲೆ ನನ್ನ ನಾಲಿಗೆ ಇನ್ನಷ್ಟು ನೇರವಾಗಿತ್ತು.

"ದೀಪ ಸರಿ ಐತ್ರಿ. ಅಲ್ಲೆ ಬುದ್ಧ ಅದಾನ. ಆತನ ಮುಂದ ನನಗ ಜಳಕಾ ಮಾಡಾಕ ಆಗೂದಿಲ್ಲ."

ಮರೈಕೆಗೆ ಅರ್ಥವಾಗಲಿಲ್ಲ. ಕೂತೆವು. ನಾನು ಹೇಳಿದೆ. ಅವರು ಕುಂದಗೋಳದಲ್ಲಿ ಇದ್ದಾಗ ನಮ್ಮ ಮನೆಗೆ ಬಂದಿರಲಿಲ್ಲ, ಹಾಗಾಗಿ ಇದೊಂದೂ ಅವರಿಗೆ ಗೊತ್ತಿರಲಿಲ್ಲ.

ನನ್ನ ಅಜ್ಜ ಸುಣ್ಣ ಹಚ್ಚುವ ಕೆಲಸದವನು. ಸುತ್ತಲಿನ ಹಳ್ಳಿಗಳಲ್ಲಿ ಹಬ್ಬ ಬಂದರೆ, ಮದುವೆ ಬಂದರೆ, ದೊಡ್ಡ ಮನೆಗಳ ಹೊರಗೋಡೆಗೆ, ಕಂಪೌಂಡಿಗೆ ಅವನೇ ಸುಣ್ಣ ಹಚ್ಚಬೇಕು. ಒಳಗೋಡೆಗೆ ಬೇರೆಯವರು. ನಮ್ಮ ಜನ ಹೊಸ್ತಿಲು ದಾಟುವಂತಿರಲಿಲ್ಲ. ವರ್ಷವರ್ಷವೂ ಬೆಳ್ಳಗೆ ಮಾಡಿದ ಮನೆಗಳ ಒಳಗೆ ಹೇಗಿದೆ ಅಂತ ಅವನು ಒಮ್ಮೆಯೂ ನೋಡಲಿಲ್ಲ. ಆಮೇಲೆ ನಮ್ಮ ಓಣಿಯವರೆಲ್ಲ ಕೂಡಿ ಬೌದ್ಧ ದೀಕ್ಷೆ ತೆಗೆದುಕೊಂಡರು. ಎರಡು ಕೋಣೆಯ ಸ್ವಂತ ಮನೆಯಾದಾಗ ಅಜ್ಜ ಮೊದಲು ಮಾಡಿದ್ದು ಬಾಗಿಲಿಗೆ ನೇರ ಎದುರಿನ ಗೋಡೆಗೆ ಬುದ್ಧನ ಪಟ ಹಾಕಿದ್ದು. ಒಳಗೆ ಬಂದವರು ಯಾರೇ ಆಗಲಿ, ಮೊದಲು ಆ ಮುಖ ನೋಡಬೇಕು. ಯಾರನ್ನೂ ಹೊರಗೆ ನಿಲ್ಲು ಅನ್ನದ ಮುಖ ಅದು ಅನ್ನುತ್ತಿದ್ದ.

"ನಾನು ಅದs ಪಟದ ಕೆಳಗ ಕೂತು ಅಕ್ಷರಾ ಕಲತಾಕಿ," ಅಂದೆ. "ಆ ಮುಖದ ಬಾಜು ಶಾಂಪೂ ನೋಡಿದ್ರ ನನಗ ಹೆಂಗ ಆಗಬೇಕ್ರಿ?"

ಮರೈಕೆಯ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ.

"ಮೊದಲನೇ ದಿನಾನ ಹೇಳಬೇಕಿತ್ತು ನೀವು! ಚಲೋ ಐತಿ ಅಂದ್ರಿ. ಯಾಕ ಅಂದ್ರಿ?"

"ಮಂದಿ ಮನಿಗೆ ಬಂದು ಹೆಂಗ ಹೇಳೂದ್ರಿ?"

"ಹೆಂಕ್‌ಗೆ ಸೋಫಾ ತಿರುಗಸು ಅಂತ ಹೇಳಿದ್ರಲ್ಲ?" ಅವರು ಎದ್ದುನಿಂತರು. "ನೀವು ತಿಳಕೊಂಡೀರಿ ನಾನು ಆಟಿಕಿ ಇಟ್ಟಂಗ ಇಟ್ಟೀನಿ ಅಂತ. ವಿಮ್ ಸತ್ತ ಮ್ಯಾಲೆ ತಂದೆ ಅದನ್ನ. ಈ ಮನಿ ನೋಡ್ರಿ. ಎಲ್ಲಾ ಕಡೆ ಗಾಜು. ನಾನು ಎಲ್ಲೆ ಅಳಬೇಕಿತ್ತು? ಕಿಟಕಿ ಇಲ್ಲದ ಕೋಣಿ ಅದೊಂದ. ತೊಟ್ಟ್ಯಾಗ ನೀರು ತುಂಬಿಸಿ, ಮೇಣದಬತ್ತಿ ಹಚ್ಚಿ, ಆ ಮುಖಾ ನೋಡ್ಕೋತ ಅತ್ತೀನಿ. ಒಂದು ಇಡೀ ಚಳಿಗಾಲ. ಆತ ಏನೂ ಕೇಳಲಿಲ್ಲ."

ನನ್ನ ಮಾತು ತಪ್ಪಾಯಿತು ಅಂತ ಅನ್ನಿಸಲಿಲ್ಲ. ಅವರದೂ ತಪ್ಪು ಅನ್ನಿಸಲಿಲ್ಲ. ಒಂದೇ ಮುಖದ ಮುಂದೆ ನಾವಿಬ್ಬರೂ ಬಂದು ನಿಂತಿದ್ದೆವು, ಬೇರೆ ಬೇರೆ ಬಾಗಿಲಿನಿಂದ. ಅದನ್ನು ಹೇಳುವ ಮೊದಲೇ ಅವರು ಮೇಲಕ್ಕೆ ಹೋದರು. ಆ ಕಡಿದು ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟಿತು.

ಹಗ್ಗ

ಬೆಳಿಗ್ಗೆ ಎದ್ದಾಗ ಮರೈಕೆ ಇರಲಿಲ್ಲ. ಸೈಕಲ್ಲೂ ಇರಲಿಲ್ಲ. ಮೇಜಿನ ಮೇಲೆ ಬ್ರೆಡ್ಡು ಮುಚ್ಚಿಟ್ಟಿದ್ದರು. ಗೆಳೆತನ ಇಲ್ಲಿಗೆ ಮುಗಿಯಿತೋ ಏನೋ ಅನ್ನಿಸಿತು. ಆದರೂ ಹಿಡಿದ ಕೆಲಸ ಬಿಡುವವಳಲ್ಲ ನಾನು. ಏಣಿ ಹತ್ತಿ ಗೋಡೆಗೆ ಎರಡನೆಯ ಕೈ ಹಚ್ಚತೊಡಗಿದೆ.

ಬಾಗಿಲು ತೆರೆದು ಅವರು ಒಳಬಂದಾಗ ಹಿಂದೆ ಹೆಂಕ್ ಇದ್ದರು. ಹೆಂಕ್ ಹೆಗಲ ಮೇಲೆ, ಇಬ್ಬರೂ ಬಂದರಿಗೆ ಹೋಗಿ ತಂದ, ಹೆಬ್ಬೆರಳು ದಪ್ಪದ ಹಗ್ಗ, ಕೈಯಲ್ಲಿ ರಾಟೆ.

"ಬುದ್ಧನ್ನ ಎಲ್ಲೆ ಇಡಬೇಕು, ನೀವು ಹೇಳ್ರಿ," ಅಂದರು ಮರೈಕೆ, ಸಿಟ್ಟಿನ್ನೂ ಪೂರ್ತಿ ಇಳಿಯದ ದನಿಯಲ್ಲಿ. "ಆದ್ರ ಕಿಟಕಿ ಎದುರಿಗೆ ಬ್ಯಾಡ. ಬೀದಿಗೆ ತೋರ್ಸೂ ಸಾಮಾನಲ್ಲ ಅದು."

ಇದು ನನ್ನ ಕೆಲಸ. ಮನೆಯೆಲ್ಲ ಮತ್ತೊಮ್ಮೆ ತಿರುಗಿದೆ. ಎಲ್ಲಕ್ಕಿಂತ ಮೇಲೆ, ಮಾಡಿನ ಕೆಳಗೆ, ಅವರು ಹಾಡುವ ಕೋಣೆ. ತಂಬೂರಿ ಇತ್ತು, ಚಾಪೆ ಇತ್ತು, ಬಾಗಿಲೂ ಇತ್ತು. ಎದುರಿನ ಗೋಡೆ ಖಾಲಿ.

"ಇಲ್ಲೆ," ಅಂದೆ. "ಬಾಗಿಲಿಗೆ ಎದುರು. ನೀವು ಕೂತಾಗ ನಿಮ್ಮ ಕಣ್ಣಿನ ಮಟ್ಟಕ್ಕ. ಹಾಡಾಕೂ ಬರ್ತೈತಿ, ಅಳಾಕೂ ಬರ್ತೈತಿ."

ಅವರು ಚಾಪೆಯ ಮೇಲೆ ಕೂತು ಆ ಖಾಲಿ ಗೋಡೆ ನೋಡಿದರು. ತಲೆಯಾಡಿಸಿದರು.

ಕೆಳಗಿಂದ ಅಲ್ಲಿಗೆ ಆ ಮೆಟ್ಟಿಲಲ್ಲಿ ಆ ಭಾರ ಒಯ್ಯುವ ಮಾತೇ ಇರಲಿಲ್ಲ. ಹೆಂಕ್, ಅವರ ಅಳಿಯ ಸೇರಿ ತಲೆಯನ್ನು ಬೀದಿಗೆ ತಂದಿಟ್ಟರು. ಹೆಂಕ್ ಹಗ್ಗದ ಕುಣಿಕೆ ಮಾಡಿ ಕುತ್ತಿಗೆಯತ್ತ ಬಗ್ಗಿದರು.

"ಕುತ್ತಿಗಿಗೆ ಬ್ಯಾಡ!" ನಾನು ಕನ್ನಡದಲ್ಲೇ ಕೂಗಿದೆ. ಹೆಂಕ್‌ಗೆ ಅರ್ಥವಾಯಿತು. ಕೈ ಹಿಂದೆಗೆದರು. ಮರೈಕೆ ಒಳಗೆ ಹೋಗಿ ವಿಮ್‌ನ ಹಳೆಯ ದೋಣಿಯ ಹಾಯಿಬಟ್ಟೆ ತಂದರು. ಅದನ್ನು ಜೋಳಿಗೆಯಂತೆ ಮಾಡಿ, ಮುಖ ಮಾತ್ರ ಹೊರಗಿರುವ ಹಾಗೆ ಕಟ್ಟಿದೆವು, ತೊಟ್ಟಿಲಲ್ಲಿ ಕೂಸು ಕಂಡಂತೆ.

ನಾನು ಮತ್ತು ಮರೈಕೆ ತೊಲೆಯ ಕೊಕ್ಕೆಗೆ ರಾಟೆ ಸಿಕ್ಕಿಸಿ ಮೇಲಿನ ಕಿಟಕಿಯಲ್ಲಿ ನಿಂತೆವು. ಕೆಳಗೆ ಹೆಂಕ್, ಅಳಿಯ, ಸೈಕಲ್ ನಿಲ್ಲಿಸಿ ಬಂದ ಇಬ್ಬರು ಅಪರಿಚಿತರು ಹಗ್ಗ ಹಿಡಿದರು. ಬುದ್ಧ ನೆಲ ಬಿಟ್ಟು ಮೇಲೆದ್ದ. ಪರದೆಯಿಲ್ಲದ ಕಿಟಕಿಗಳ ಮುಂದಿನಿಂದ ಮೆಲ್ಲಗೆ ಏರಿದ. ಆ ದಿನ ಬೀದಿಯಲ್ಲಿ ಯಾರೂ ನಡೆಯುತ್ತಾ ನೋಡಲಿಲ್ಲ, ಎಲ್ಲರೂ ನಿಂತೇ ನೋಡಿದರು. ಎದುರು ಮನೆಯ ಒಬ್ಬ ಅಜ್ಜಿ ಕಾಫಿ ಕಪ್ಪು ಹಿಡಿದು ಕಿಟಕಿಗೆ ಬಂದಳು. ಹಗ್ಗ ತಿರುಗಿ ಆ ಮುಖ ಅವಳತ್ತ ಹೊರಳಿದಾಗ, ಮಂದಿಗೆ ಕೈಬೀಸಿದ ಹಾಗೆ ಬೀಸಿದಳು.

ಗಾಳಿ ಬೀಸಿತು. ತಲೆ ತೂಗಿ ಇಟ್ಟಿಗೆ ಗೋಡೆಗೆ ಬಡಿಯಿತು. ಮರೈಕೆ ಚೀರಿದರು. ಬುದ್ಧನ ಒಂದು ಕಿವಿಯ ತುದಿ ಹಾರಿ ಬೀದಿಗೆ ಬಿತ್ತು. ನಾನು ಸೊಂಟದವರೆಗೆ ಹೊರಗೆ ಬಾಗಿ ಹಾಯಿಬಟ್ಟೆಯ ಅಂಚು ಹಿಡಿದೆ. ಮರೈಕೆ ನನ್ನ ಸೊಂಟ ಹಿಡಿದರು. ಇಬ್ಬರೂ ಎಳೆದೆವು. ಬುದ್ಧ, ನಾನು, ಮರೈಕೆ ಮೂವರೂ ಒಟ್ಟಿಗೇ ಒಳಗೆ ಬಿದ್ದೆವು. ಕೆಳಗಿನಿಂದ ಚಪ್ಪಾಳೆ ಕೇಳಿಸಿತು.

ನೆಲದ ಮೇಲೆ ಬಿದ್ದುಕೊಂಡೇ ಮರೈಕೆ ನಗತೊಡಗಿದರು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಆ ಕಿಟಕಿಗೂ ಪರದೆ ಇರಲಿಲ್ಲ. ಅವರು ಅದರ ಕಡೆ ನೋಡಲೇ ಇಲ್ಲ.

ಸಂಜೆ ಅವರು ಆ ಮುಖದ ಎದುರು ಕೂತು, ತಂಬೂರಿ ಶ್ರುತಿ ಮಾಡಿ, ಕುಂದಗೋಳದಲ್ಲಿ ಕಲಿತ ಯಮನ್ ರಾಗದ ಆಲಾಪ ಹಾಡಿದರು. ನಿಷಾದ ಸ್ವರ ಎಂದಿನಂತೆ ಚೂರು ಕೆಳಗೇ ಇತ್ತು. ನಾನು ಬಾಗಿಲಲ್ಲಿ ಕೂತು ಕೇಳಿದೆ. ಆಮೇಲೆ ಕೆಳಗಿಳಿದು, ಬಚ್ಚಲಿನ ದೀಪ ಹಾಕಿ, ಮನಸಾರೆ ಸ್ನಾನ ಮಾಡಿದೆ.

"ಆ ಕಟ್ಟಿ ಈಗ ಖಾಲಿ ಆತು. ಅಲ್ಲೆ ಏನ ಇಡೂಣು?" ಎಂದು ಮರೈಕೆ ಕೇಳಿದರು.

"ಒಂದು ಬಕೇಟು, ಒಂದು ತಂಬಿಗಿ," ಅಂದೆ. "ಅಗದಿ ಇಂಡಿಯನ್ ಅಂದ್ರ ಅದs ನೋಡ್ರಿ."

ಅಣ್ಣಿಗೇರಿ

ಪ್ರವಾಸ ಅಲ್ಲಿಗೆ ಮುಗಿಯಬೇಕಿತ್ತು. ಮುಗಿದದ್ದು ಅಣ್ಣಿಗೇರಿಯಲ್ಲಿ.

ಊರಿಗೆ ಬಂದ ವಾರದಲ್ಲೇ ಅಲ್ಲಿ ಒಂದು ಹೊಸ ಮನೆಯ ಕೆಲಸ ಬಂತು. ಕಾಲೇಜಿನಲ್ಲಿ ಕಲಿಸುವ ಶಿವಾನಂದ ಸರ್, ಅವರ ತಾಯಿ ಗಂಗವ್ವ. ಊರಿನಲ್ಲಿ ಹೆಸರಿರುವ ಮನೆತನ. ಸರ್ ಮೊಬೈಲು ತೆಗೆದು ಚಿತ್ರ ತೋರಿಸಿದರು. ಊಟದ ಕೋಣೆಯ ಮೂಲೆ, ಕೈ ತೊಳೆಯುವ ಬೇಸಿನ್, ಅದರ ಹಿಂದೆ ಬುದ್ಧನ ತಲೆ, ತಲೆಯ ಮೇಲಿನಿಂದ ಬೇಸಿನ್‌ಗೆ ಇಳಿಯುವ ನೀರು.

"ಈಗ ಇದ ಟ್ರೆಂಡ್ ಅಂತ್ರಿ ಮೇಡಂ. ಮನಸಿಗೆ ಶಾಂತಿ ಸಿಗ್ತೈತಂತ."

ಹಾರ್ಲೆಮ್‌ನಲ್ಲಿ ಅಜ್ಜನ ಕತೆ ಹೇಳಿದಾಗ ಮರೈಕೆಗೆ ಅದು ಬರೀ ಒಂದು ಕತೆ. ಇಲ್ಲಿ ಹಾಗಲ್ಲ. ನಮ್ಮ ಸೀಮೆಯಲ್ಲಿ ಗಿರಾಕಿಗಳು ನೀವು ಯಾವ ಪೈಕಿ, ಅಂದರೆ ಯಾವ ಜಾತಿ, ಎಂದು ನೇರ ಕೇಳುವುದಿಲ್ಲ. ಊರು ಯಾವುದು, ಓಣಿ ಯಾವುದು, ತಂದೆಯ ಹೆಸರೇನು ಎಂದು ಸುತ್ತಿ ಬರುತ್ತಾರೆ. ನನಗೆ ಕೆಲಸ ಸಿಗುವುದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ. ನಿಲ್ಲುವುದೂ ಹಾಗೆಯೇ. ಪಿಒಪಿ, ಲ್ಯಾಮಿನೇಟು ಅಂತ ಮಾತಾಡಿ, ಬುದ್ಧನ ಜಾಗದಲ್ಲಿ ಹಸಿರು ಬಳ್ಳಿ ಇಡೋಣ ಎಂದು ಒಪ್ಪಿಸುವ ಚಾತುರ್ಯ ನನಗಿದೆ.

ಕೈಯಲ್ಲಿದ್ದ ಅಳತೆಯ ಟೇಪು ಮಡಚಿದೆ.

"ಸರ್, ನಾವು ಬೌದ್ಧರು. ಕುಬಿಹಾಳದಾಗ ನಮ್ಮ ಓಣಿ ಊರ ಆಚಿ ಕಡೆ ಐತಿ. ಆ ಮುಖದ ಮುಂದ ಎಂಜಲ ಕೈ ತೊಳಿಯೂ ಜಾಗಾ ಮಾಡೂದು ನನ್ನ ಕೈಲೆ ಆಗೂದಿಲ್ಲ. ಆತನ್ನ ಇಡೂದಾದ್ರ ಛಂದ ಜಾಗಾ ನಾನು ತೋರಸ್ತೀನಿ. ಇಲ್ಲಂದ್ರ ಮನಿ ಉಳಿದ ಕೆಲಸಾ ಮಾಡಿಕೊಡ್ತೀನಿ. ನೀವು ಬ್ಯಾಡ ಅಂದ್ರ ಅದೂ ಅಡ್ಡಿಯಿಲ್ಲ."

ಶಿವಾನಂದ ಸರ್ ಮೊಬೈಲು ನೋಡುತ್ತಾ ಕೂತರು. ಚಿತ್ರ ಆರಿಹೋಗಿ ಪರದೆ ಕಪ್ಪಾಗಿತ್ತು, ಆದರೂ ಅದನ್ನೇ ನೋಡುತ್ತಿದ್ದರು. ನಾನು ಚೀಲ ಹೆಗಲಿಗೆ ಹಾಕಿಕೊಳ್ಳಲಿಲ್ಲ. ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಮಗನ ಕಡೆ ನೋಡಲಿಲ್ಲ. ನನ್ನ ಮುಂಗೈ ಹಿಡಿದರು. ಅವರ ಕೈ ಇನ್ನೂ ಒದ್ದೆಯಾಗಿತ್ತು.

"ಹಂಗಾರ ಎಲ್ಲೆ ಕೂಡಸೂಣು ಆತನ್ನ? ನೀನs ನೋಡಿ ಹೇಳವಾ ತಂಗಿ, ಬಾ."

ಕೈ ಬಿಡದೆ ಕರೆದುಕೊಂಡು ಹೋದರು. ಊಟದ ಕೋಣೆಯ ಹೊಸ್ತಿಲು ದಾಟಿದೆವು. ಒಲೆಯ ಮೇಲೆ ಸಾರು ಕುದಿಯುತ್ತಿದ್ದ ಅಡುಗೆಮನೆ ದಾಟಿದೆವು. ಒಳಗಿನ ಕೋಣೆಯಲ್ಲಿ ನಿಂತು ಗೋಡೆ ತೋರಿಸಿ, "ಇಲ್ಲೆ?" ಅಂದರು.

"ಇಲ್ಲೆ ಬೆಳಕು ಸಾಲೂದಿಲ್ರಿ," ಅಂದೆ.

"ಹೌದಲ್ಲ," ಎಂದು, ಅದರಾಚೆಯ ಕೋಣೆಯ ಬಾಗಿಲು ತೆಗೆದರು.